ಲೀಸ್ ಮನೆ ಮಧ್ಯದಲ್ಲಿ ಬಿಡ್ತಿದ್ದೀರಾ? ದುಡ್ಡು ಬರೋ ತನಕ ಕೀ ಕೊಡಬೇಡಿ

ಬೆಂಗಳೂರಲ್ಲಿ ಲಕ್ಷಗಟ್ಟಲೆ ಕೊಟ್ಟು ಲೀಸ್‌ಗೆ ಕೂತವರು, ಅವಧಿಗೆ ಮುಂಚೆ ಮನೆ ಬಿಡೋ ಯೋಚನೆ ಇದ್ದರೆ ಇದನ್ನು ಓದಿ.

ನಾವು 9 ಲಕ್ಷ ಕೊಟ್ಟು 3 ವರ್ಷಕ್ಕೆ ಹಿಡಿದಿದ್ದೆವು. ಮಧ್ಯದಲ್ಲಿ ನನಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಯಿತು. ಎರಡು ತಿಂಗಳು ಮೊದಲೇ ತಿಳಿಸಿ ಬಿಡಬಹುದು ಅಂತ ಪತ್ರದಲ್ಲೇ ಇತ್ತು, ಪತ್ರ ರಿಜಿಸ್ಟರ್ ಕೂಡ ಆಗಿತ್ತು. ಓನರ್ ಬಹಳ ಚೆನ್ನಾಗಿ ಮಾತಾಡಿದರು. "ಅದಕ್ಕೇನಂತೆ, ಬೇರೆ ಪಾರ್ಟಿ ಕರ್ಕೊಂಡು ಬನ್ನಿ, ಅವರು ಕೊಟ್ಟ ತಕ್ಷಣ ನಿಮ್ಮದು ಸೆಟಲ್."

ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಆದರೆ ಹಾಗಂದರೆ ನಿಮ್ಮ ದುಡ್ಡು ಯಾವತ್ತೋ ಖರ್ಚಾಗಿದೆ, ಇನ್ನು ಹುಡುಕೋ ಕೆಲಸವೂ ನಿಮ್ಮದೇ. ನಾವು ಪಾರ್ಟಿ ಕರೆದುಕೊಂಡು ಹೋದರೆ ಓನರ್‌ಗೆ ಈಗ 11 ಲಕ್ಷ ಬೇಕಂತೆ. ಒಬ್ಬರ ಮನೇಲಿ ನಾಯಿ ಇದೆ, ಬೇಡ. ಇನ್ನೊಬ್ಬರು ಮಾಂಸ ತಿಂತಾರೆ, ಬೇಡ. ಕೊನೆಗೂ ಒಂದು ಕುಟುಂಬ ಒಪ್ಪಿತು, ಆದರೆ ಆ ಮನೆ ಹುಡುಗನ ಮಾವ (ಹುಷಾರಾದ ಮನುಷ್ಯ) ಅಡ್ವಾನ್ಸ್ ಕೊಡೋ ಮೊದಲು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ. (ಆಸ್ತಿ ಮೇಲಿನ ಋಣಭಾರ ತೋರಿಸೋ ಪತ್ರ) ತೆಗೆಸಿದರು. ಮನೆ ಮೇಲೆ ಬ್ಯಾಂಕ್ ಸಾಲ! ನಾವು ಬಂದ ಮೇಲೆ ತೆಗೆದದ್ದು. ಅವರು ಆಮೇಲೆ ಫೋನೇ ಎತ್ತಲಿಲ್ಲ, ಎತ್ತಲಿ ಅಂತ ಯಾವ ಬಾಯಲ್ಲಿ ಹೇಳೋದು? ಸಾಲ ಕಟ್ಟದಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನೇ ಹರಾಜಿಗೆ ಇಡಬಹುದು.

ಆಮೇಲೆ ಶುರುವಾಯಿತು ಅಸಲಿ ಆಟ. "ಮೊದಲು ಖಾಲಿ ಮಾಡಿ ಕೀ ಕೊಡಿ, ಪೇಂಟ್ ಹೊಡೆಸಿದರೆ ಪಾರ್ಟಿ ತಾನಾಗೇ ಬರ್ತಾರೆ" ಅಂತ ಮುಂದಿನ ತಾರೀಖಿನ ಚೆಕ್ ಕೈಗಿಟ್ಟರು. ನನ್ನ ಹೆಂಡತಿ ಸುತರಾಂ ಒಪ್ಪಲಿಲ್ಲ. ಹಳೇ ಮಂಚ, ಒಂದು ಬೀರು ಒಳಗೇ ಬಿಟ್ಟು, ನಮ್ಮದೇ ಬೀಗ ಜಡಿದು ಹುಬ್ಬಳ್ಳಿಗೆ ಹೋದೆವು. ಅಲ್ಲಿ ಬೇರೆ ಬಾಡಿಗೆ, ಇಲ್ಲಿ ಕಾಲಿಡದ ಮನೆಗೂ ಕರೆಂಟ್ ಬಿಲ್ಲು.

ತಾರೀಖು ಬಂದಾಗ ಚೆಕ್ ಹಾಕಿದೆವು, ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್ ಬಂತು. ಇಂಥ ಹೊತ್ತಲ್ಲಿ ಸುಮ್ನೆ ಫೋನ್ ಮಾಡಿ ಗೋಗರೆಯಬೇಡಿ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಚೆಕ್ ಬೌನ್ಸ್‌ಗೆ ಇರೋ ಸೆಕ್ಷನ್ 138ರ ನೋಟಿಸ್ ಹೋಗಬೇಕು, ಅದು ತಲುಪಿದ ಮೇಲೆ ಅವರಿಗೆ 15 ದಿನ ಟೈಮು, ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿಗೆ. ಈ ಲೆಕ್ಕ ತಪ್ಪಿದರೆ ಕೇಸು ನಿಲ್ಲೋದೇ ಕಷ್ಟ. ಎರಡು ವರ್ಷದವರೆಗೆ ಜೈಲು ಅನ್ನೋ ಸಾಲು ನೋಟಿಸಿನಲ್ಲಿ ಓದಿದ ಮೇಲೆ ನಮ್ಮ ಓನರ್‌ಗೆ ಎಲ್ಲಿಂದಲೋ ದುಡ್ಡು ಹುಟ್ಟಿತು. ಪೇಂಟಿಂಗ್ ಹೆಸರಲ್ಲಿ 40 ಸಾವಿರ ಹಿಡಿದುಕೊಂಡೇ ಕೊಟ್ಟರು ಅನ್ನಿ.

ಆರ್‌ಟಿಜಿಎಸ್ ಆದ ಮೆಸೇಜು ಬಂದ ಮೇಲೆಯೇ ಬೀಗ ತೆಗೆದದ್ದು.