ಕಿವಿ ಪಳಗಿತು, ನಾಲಗೆಗೆ ಧೈರ್ಯ ಬರಲಿಲ್ಲ: ಕ್ವಿಬೆಕ್ ಫ್ರೆಂಚ್ ಧ್ವನಿಪಾಠಗಳ ವಿಮರ್ಶೆ

ಪ್ಯಾರಿಸ್ಸಿನ ಫ್ರೆಂಚನ್ನು ಪುಸ್ತಕದಿಂದ ಕಲಿತವರು, ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯವಾದ ಕ್ವಿಬೆಕ್‌ಗೆ ಸೇರಿದ ಮಾಂಟ್ರಿಯಲ್‌ನ ಬಸ್ಸಿನಲ್ಲಿ ಕುಳಿತು ಅಕ್ಕಪಕ್ಕದವರ ಮಾತು ಕೇಳಿದರೆ, ಇದು ತಾವು ಕಲಿತ ಭಾಷೆಯೇ ಎಂದು ಅನುಮಾನಪಡುವುದು ಸಹಜ. ಆ ಅಂತರವನ್ನು ತುಂಬಲೆಂದೇ ರೂಪಿಸಿದ ಒಂದು ಆನ್‌ಲೈನ್ ಧ್ವನಿಪಾಠ ಸರಣಿಗೆ ನಾನು ಮೂರು ತಿಂಗಳು ಚಂದಾದಾರನಾಗಿದ್ದೆ.

ಉಚ್ಚಾರಣೆಯ ಪಾಠಗಳು ನಿಜಕ್ಕೂ ಅತ್ಯುತ್ತಮವಾಗಿವೆ. 'ಇ' ಸ್ವರದ ಮುಂದೆ, ಹಾಗೂ ತುಟಿಗಳನ್ನು ದುಂಡಾಗಿಸಿ 'ಇ' ಎಂದಾಗ ಹುಟ್ಟುವ ಸ್ವರದ ಮುಂದೆ, ತಕಾರವು 'ತ್ಸ' ಎಂದೂ ದಕಾರವು 'ದ್ಸ' ಎಂದೂ ಬದಲಾಗುವುದನ್ನು, ಅಂದರೆ ಮಂಗಳವಾರವೆಂಬ 'ಮಾರ್ದಿ' ಇಲ್ಲಿ 'ಮಾರ್ದ್ಸಿ' ಆಗುವುದನ್ನು, ಹತ್ತಾರು ಉದಾಹರಣೆಗಳ ಮೂಲಕ ಕಿವಿಗೆ ಅಂಟಿಸುತ್ತಾರೆ. ಫ್ರಾನ್ಸಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗಿರುವ ಹ್ರಸ್ವ-ದೀರ್ಘಗಳ ವ್ಯತ್ಯಾಸವೂ ಇಲ್ಲಿ ಜೀವಂತವಾಗಿದೆ. 'ಮಾಡಿದ' ಎಂಬರ್ಥದ 'ಫೆತ್' ಗಿಡ್ಡವಾಗಿಯೇ ಉಳಿದರೆ, ಹಬ್ಬ ಎಂಬರ್ಥದ 'ಫೇತ್' ಹಿಗ್ಗಿ 'ಫಾಯ್ತ್' ಎಂದು ಕೇಳಿಸುತ್ತದೆ. ಕನ್ನಡದ ಕಿವಿಗೆ ಇದೇನೂ ಕಷ್ಟವಲ್ಲ.

ನನಗೆ ಅತಿಹೆಚ್ಚು ಇಷ್ಟವಾದದ್ದು, ಅಷ್ಟೇ ಸಿಟ್ಟು ತರಿಸಿದ್ದು, ಪ್ರಶ್ನೆ ಕೇಳುವ 'ತು' ಪ್ರತ್ಯಯದ ಪಾಠ. 'ಅವನು ಬರುತ್ತಾನಾ?' ಎನ್ನಲು ಇಲ್ಲಿನವರು 'ಇ ವ್ಯಾಂ-ತ್ಸು?' ಎನ್ನುತ್ತಾರೆ. ನಮ್ಮ 'ಆ' ಪ್ರತ್ಯಯದಂತೆಯೇ ಇದೂ ಕ್ರಿಯಾಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ, ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳಲ್ಲಷ್ಟೇ ಬರುತ್ತದೆ. ಆದರೆ ಪಾಠ ಮಾಡಿದವರು ಇದನ್ನು 'ನೀನು' ಎಂಬ ಸರ್ವನಾಮದ ಪುನರಾವೃತ್ತಿ ಎಂದು ವಿವರಿಸಿದ್ದು ತಪ್ಪು. ವಾಸ್ತವದಲ್ಲಿ ಅದು ಪ್ರಥಮಪುರುಷದ ಪ್ರಶ್ನಾವಾಕ್ಯಗಳ ಕೊನೆಯ '-ತಿಲ್' ಸವೆದು ಉಳಿದ ರೂಪ. ಆದ್ದರಿಂದಲೇ 'ಅವನು' ಇರುವ ವಾಕ್ಯದಲ್ಲೂ ಅದಕ್ಕೆ ಜಾಗವಿದೆ.

ಪದಸಂಪತ್ತಿನ ಪಾಠಗಳು ಸಾಧಾರಣ. ಫ್ರಾನ್ಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಹೇಳುವ 'ದೇಜೊನೆ' ಇಲ್ಲಿ ಬೆಳಗಿನ ತಿಂಡಿ, ಅಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುವ 'ದೇಪಾನರ್' ಇಲ್ಲಿ ಮೂಲೆಯಂಗಡಿ ಎಂಬಷ್ಟು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ.

ದೊಡ್ಡ ಆಕ್ಷೇಪ ಬೇರೆಯೇ ಇದೆ. ಕ್ವಿಬೆಕ್ ಫ್ರೆಂಚನ್ನು ಇಡಿಯಾಗಿ 'ಜುವಾಲ್' ಎಂದು ಕರೆದುಬಿಡುತ್ತಾರೆ. ಕುದುರೆ ಎಂಬರ್ಥದ 'ಶೆವಾಲ್' ಪದದ ಗ್ರಾಮ್ಯ ಉಚ್ಚಾರದಿಂದ ಬಂದ ಈ ಹೆಸರು ಮುಖ್ಯವಾಗಿ ಮಾಂಟ್ರಿಯಲ್‌ನ ದುಡಿಯುವ ವರ್ಗದ ಆಡುಮಾತಿಗೆ ಸಲ್ಲುವಂಥದ್ದು. 'ನಾನು' ಎಂಬುದನ್ನು ಒತ್ತಿ ಹೇಳುವ 'ಮ್ವಾ' ಪದವನ್ನು 'ಮ್ವೆ' ಎನ್ನುವುದು ಕೆಟ್ಟುಹೋದ ರೂಪವೆಂಬಂತೆ ನಗುತ್ತಾ ಹೇಳಿಕೊಡುತ್ತಾರೆ. 1789ರ ಕ್ರಾಂತಿಗೆ ಮುಂಚೆ ಫ್ರಾನ್ಸಿನ ಅರಮನೆಯಲ್ಲೂ ನಡೆಯುತ್ತಿದ್ದ ಉಚ್ಚಾರವದು; 1763ರಲ್ಲಿ ನ್ಯೂ ಫ್ರಾನ್ಸ್ ಎಂಬ ಇಲ್ಲಿನ ಫ್ರೆಂಚ್ ವಸಾಹತು ಬ್ರಿಟನ್ನಿನ ವಶವಾಗಿ ಮೂಲದೇಶದ ನಂಟು ಕಡಿದ ಮೇಲೆ, ಪ್ಯಾರಿಸ್ಸಿನ ಹೊಸ ರೂಢಿ ಇಲ್ಲಿಗೆ ತಡವಾಗಿ ಮುಟ್ಟಿತು. ಬೈಗುಳದ ಪಾಠದಲ್ಲಂತೂ 'ತಬರ್ನಾಕ್', 'ಓಸ್ತಿ' ಮೊದಲಾದ, ಕ್ಯಾಥೊಲಿಕ್ ಪೂಜಾವಸ್ತುಗಳಿಂದಲೇ ಬಂದ ಪದಗಳನ್ನು ಹಾಸ್ಯದ ಹುಮ್ಮಸ್ಸಿನಲ್ಲಿ ಕಲಿಸಿ, ಯಾರ ಮುಂದೆ ಆಡಬಾರದು ಎಂಬ ಒಂದು ಮಾತನ್ನೂ ಸೇರಿಸಿಲ್ಲ. ಕಚೇರಿಯಲ್ಲಿ, ಸಂದರ್ಶನದಲ್ಲಿ, ಸುದ್ದಿವಾಚನದಲ್ಲಿ ಬಳಸುವ ಶಿಷ್ಟ ಕ್ವಿಬೆಕ್ ಫ್ರೆಂಚ್ ಒಂದಿದೆ ಎಂಬುದೇ ಈ ಸರಣಿಯಿಂದ ತಿಳಿಯುವುದಿಲ್ಲ.

ಮೊದಲ ತಿಂಗಳಿನ ಉಚ್ಚಾರಣಾ ಪಾಠಗಳಿಗಾಗಿ ಮಾತ್ರ ಹಣ ಕೊಡಬಹುದು. ಎರಡನೆಯ ತಿಂಗಳಿನಿಂದ ಅವೇ ಸಂಭಾಷಣೆಗಳು ಹೊಸ ಶೀರ್ಷಿಕೆಯಡಿ ಮರಳಿ ಬರುತ್ತವೆ.