ನೀರಲ್ಲಿ ಕರಗುವ ಜಿಎ ಹರಳು: ಮಾಲು ಚೊಲೋ, ಚೀಟಿ ಅರ್ಧ

ದ್ರಾಕ್ಷಿ ಪಡ (ತೋಟ) ಇರುವವರಿಗೆ ಜಿಎ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆಯವರಿಗೆ ಒಂದೇ ಮಾತು: ಪೂರ್ತಿ ಹೆಸರು ಜಿಬ್ಬರೆಲಿಕ್ ಆಸಿಡ್, ಗಿಡಗಳ ಮೈಯಲ್ಲೇ ಹುಟ್ಟುವ ಹಾರ್ಮೋನು, ಮಾರ್ಕೆಟ್ಟಿನಲ್ಲಿ ನೀವು ಆರಿಸಿ ಆರಿಸಿ ಕೊಳ್ಳುವ ಬೀಜವಿಲ್ಲದ ದಪ್ಪ ಹಸಿರು ದ್ರಾಕ್ಷಿ ಆ ಸೈಜಿಗೆ ಬರುವುದು ಬಹಳಷ್ಟು ಇದರಿಂದಲೇ. ವಿಜಯಪುರ ಜಿಲ್ಲೆಯ ನಮ್ಮ ಟಿಕೋಟಾ ಕಡೆ ಎಲ್ಲರ ಕೈಗೆ ಒಗ್ಗಿರುವುದು ಶೇ. 90ರ ಪುಡಿ. ಈ ಹಂಗಾಮಿಗೆ ನಾನು ಶೇ. 40ರ ನೀರಲ್ಲಿ ಕರಗುವ ಹರಳು ತಂದು ಥಾಮ್ಸನ್ (ಬೀಜವಿಲ್ಲದ ತಳಿ) ಪಡಕ್ಕೆ ಹೊಡೆದೆ, ಡಿಪ್ಪಿಂಗನ್ನೂ, ಅಂದರೆ ಗೊನೆ ಅದ್ದುವುದನ್ನೂ, ಅದರಲ್ಲೇ ಮಾಡಿದೆ. ಕಂಪನಿ ಹೆಸರು ಹಾಕುವುದಿಲ್ಲ, ಈ ಥರದ ಮಾಲು ಯಾವುದು ತಂದರೂ ಈ ಮಾತುಗಳು ಹೊಂದುತ್ತವೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಹಳೆ ಪುಡಿ ನೇರವಾಗಿ ನೀರಿಗೆ ಹಾಕಿದರೆ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್ ಬೇಕೇ ಬೇಕು. ಗಾಜಿನ ಬಾಟಲಿಗೆ ಪುಡಿ ಹಾಕಿ, ಸ್ಪಿರಿಟ್ ಸುರಿದು, ಮುಚ್ಚಳ ಬಿಗಿದು ಅಲುಗಾಡಿಸಿ, ಆಮೇಲೆ ಬಿಸಿಲಿಗೆ ಹಿಡಿದು ತಳದಲ್ಲಿ ಬಿಳಿ ಕಣ ಉಳಿದಿದೆಯಾ ನೋಡಬೇಕು. ಆಳುಗಳು ಕಾಯುತ್ತಾ ಕೂತಿದ್ದಾರೆ ಅಂತ ಅವಸರದಲ್ಲಿ ಟ್ಯಾಂಕಿಗೆ ಸುರಿದಿರೋ, ಕರಗದ ಕಣ ಒಂದು ಕಡೆ ಸೇರಿ ಒಂದು ಸಾಲಿಗೆ ಡೋಸು ಜಾಸ್ತಿ, ಇನ್ನೊಂದು ಸಾಲಿಗೆ ಬರೀ ನೀರು. ಸ್ಪಿರಿಟ್ ಬಾಟಲಿಯನ್ನು ಪಡದ ಶೆಡ್ಡಿನಲ್ಲಿ ಇಡುವುದೇ ಬೇರೆ ತಲೆನೋವು, ಯಾಕೆ ಅಂತ ಬಿಡಿಸಿ ಹೇಳಬೇಕಾ? ಹರಳಿನದು ಆ ರಗಳೆಯಿಲ್ಲ. ಬಕೆಟ್ ನೀರಿಗೆ ಸುರಿದು ಕೋಲಿನಿಂದ ತಿರುವುತ್ತಾ ಇದ್ದರೆ ತಳಕ್ಕೆ ಕೂತ ಹರಳು ಕಣ್ಣೆದುರೇ ಕರಗುತ್ತದೆ. ಕೆಲಸ ಮುಗಿಯಿತು.

ಆದರೆ ಲೆಕ್ಕದಲ್ಲಿ ಎಚ್ಚರ. ನಮ್ಮ ಕಡೆ ಬಾಯಿಪಾಠವಾಗಿರುವ ಲೆಕ್ಕ ಅಂದರೆ 100 ಲೀಟರಿಗೆ 1 ಗ್ರಾಂ, 10 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಹತ್ತು ಪಾಲು ಜಿಎ). ಅದು ಪುಡಿಯ ಲೆಕ್ಕ, ಶೇ. 90 ಇರುವುದರಿಂದ ಹೆಚ್ಚುಕಮ್ಮಿ ಸರಿ. ಹರಳಿನಲ್ಲಿ ನಿಜವಾದ ಜಿಎ ಇರುವುದು ಶೇ. 40 ಮಾತ್ರ, ಅದೇ ಬಾಯಿಪಾಠ ಹಿಡಿದರೆ ನಿಮ್ಮ ಟ್ಯಾಂಕಿನಲ್ಲಿ ಸಿಗುವುದು 4 ಪಿಪಿಎಂ. 10 ಬೇಕಾದರೆ 100 ಲೀಟರಿಗೆ ಎರಡೂವರೆ ಗ್ರಾಂ ಹಾಕಬೇಕು. ಹೀಗೆ ಲೆಕ್ಕ ಹಾಕಿ ನೋಡಿದರೆ ಪುಡಿಗಿಂತ ಇದು ದುಬಾರಿಯೇ ಬೀಳುತ್ತದೆ, ಅಂಗಡಿಯವರು ಪೊಟ್ಟಣದ ರೇಟು ಹೇಳುತ್ತಾರೆ ಹೊರತು ಈ ಲೆಕ್ಕ ಹೇಳುವುದಿಲ್ಲ. ನಾನು ಕೊಂಡ ಅಂಗಡಿಯಲ್ಲಂತೂ ಲೆಕ್ಕ ಕೇಳಿದ್ದಕ್ಕೆ ಸಿಕ್ಕ ಉತ್ತರ, "ಸಾವ್ಕಾರ್ರ, ಇದರ ಜೋಡಿ ಈ ಟಾನಿಕ್ಕೂ ಒಯ್ರಿ, ಕಾಳು ಗುಂಡಗ ಆಗ್ತಾವ." ಟಾನಿಕ್ ಒಯ್ಯಲಿಲ್ಲ.

ಈಗ ಪಡದಲ್ಲಿ ಕಂಡದ್ದು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆಗಿ ಗೊನೆ ಹೊರಗೆ ಬಂದು ಗಿಳಿ ಹಸಿರು ಬಣ್ಣಕ್ಕೆ ತಿರುಗಿದಾಗ, ಅಂದರೆ ಹೂ ಬಿಡುವುದಕ್ಕೆ ಮುಂಚೆ, 10 ಪಿಪಿಎಂ ಹೊಡೆದೆ. ಮುಷ್ಟಿ ಬಿಗಿದಂತಿದ್ದ ಗೊನೆ ಬಿಚ್ಚಿಕೊಳ್ಳತೊಡಗಿತು. ಕೈಯಲ್ಲಿ ಹಿಡಿದು ನೋಡಿದರೆ ನಡುವಿನ ದಂಟು ಎಳೆದು ಉದ್ದವಾಗಿತ್ತು, ಪಕ್ಕದ ಕವಲುಗಳ ನಡುವೆ ಬೆರಳು ಆಡಿಸುವಷ್ಟು ಜಾಗ ಬಿದ್ದಿತ್ತು. ಈ ಜಾಗ ಬೇಕೇ ಬೇಕು. ಇಲ್ಲದಿದ್ದರೆ ಕಾಳು ದಪ್ಪವಾದಾಗ ಒಂದನ್ನೊಂದು ಒತ್ತಿ ಒಡೆದು ಒಳಗೆ ಕೊಳೆ ಶುರುವಾಗುತ್ತದೆ. ಆಮೇಲೆ ಕಾಳು 3-4 ಮಿಲಿಮೀಟರ್ ಆದಾಗ 40 ಪಿಪಿಎಂ ದ್ರಾವಣದಲ್ಲಿ ಗೊನೆ ಅದ್ದಿಸಿದೆವು. ಫಲಿತಾಂಶದಲ್ಲಿ ಪುಡಿಗೂ ಹರಳಿಗೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಕಾಣಬಾರದು ಕೂಡ, ಒಳಗಿರುವ ಸಾಮಾನು ಅದೇ ಅಲ್ವಾ.

ಹೊರಗಿನಿಂದ ಯಾಕೆ ಕೊಡಬೇಕು ಅಂತ ಪೇಟೆಯ ನೆಂಟರು ಪ್ರತಿ ವರ್ಷ ಕೇಳುತ್ತಾರೆ. ಬೀಜ ಇರುವ ಹಣ್ಣಿನಲ್ಲಿ ಬೀಜವೇ ಹಾರ್ಮೋನು ತಯಾರಿಸಿ, "ನಾನಿದ್ದೇನೆ, ತಿರುಳು ಬೆಳೆಸು" ಅಂತ ಹಣ್ಣಿಗೆ ಸುದ್ದಿ ಮುಟ್ಟಿಸುತ್ತದೆ. ಥಾಮ್ಸನ್‌ನಲ್ಲಿ ಬೀಜ ಎಳೆಯದಾಗಿದ್ದಾಗಲೇ ಬೆಳವಣಿಗೆ ನಿಲ್ಲಿಸಿಬಿಡುತ್ತದೆ, ಸುದ್ದಿ ಹೇಳುವವರೇ ಇಲ್ಲ, ಕಾಳು ಸಣ್ಣದಾಗಿಯೇ ಉಳಿಯುತ್ತದೆ. ನಾವು ಕೊಡುವುದು ಆ ಸುದ್ದಿಯನ್ನು ಅಷ್ಟೇ. ಗೊಬ್ಬರವಲ್ಲ ಇದು. ಸಕ್ಕರೆ ಎಲೆಯಿಂದ ಬರಬೇಕು, ನೀರು ಬೇರಿನಿಂದ ಬರಬೇಕು. ಬಳ್ಳಿಯ ಮೇಲೆ ಎಲೆ ಕಮ್ಮಿ ಇದ್ದು ಗೊನೆ ಜಾಸ್ತಿ ಬಿಟ್ಟುಕೊಂಡವರು ಎಷ್ಟು ಜಿಎ ಹೊಡೆದರೂ ಸುಮ್ನೆ.

ಈ ಹಾರ್ಮೋನು ಸಿಕ್ಕ ಕತೆಯೂ ಮಜವಾಗಿದೆ. ಜಪಾನಿನಲ್ಲಿ ಭತ್ತಕ್ಕೆ ಒಂದು ರೋಗ, ಸಸಿ ಒಂದೇ ಸಮನೆ ಎತ್ತರಕ್ಕೆ ಬೆಳೆದು ಬಡಕಲಾಗಿ ಅಡ್ಡ ಬೀಳುತ್ತಿತ್ತು. 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ, ಇದು ಒಂದು ಶಿಲೀಂಧ್ರ ಬಿಡುವ ರಸದ ಕೆಲಸ ಎಂದು ತೋರಿಸಿದರು. ಆ ಶಿಲೀಂಧ್ರದ ಹೆಸರಿನಿಂದಲೇ 1930ರ ದಶಕದಲ್ಲಿ ಜಿಬ್ಬರೆಲಿನ್ ಎಂಬ ಹೆಸರು ಬಂತು. ಗಿಡಗಳೂ ಅದನ್ನೇ ತಯಾರಿಸುತ್ತವೆ ಅನ್ನುವುದು ಗೊತ್ತಾದದ್ದು ಆಮೇಲೆ. ಭತ್ತದವರಿಗೆ ರೋಗ, ನಮಗೆ ಬಂಡವಾಳ.

ಇನ್ನು ಸಿಟ್ಟು ಬಂದದ್ದು ಚೀಟಿಯ ಮೇಲೆ. ಪೊಟ್ಟಣದ ಒಳಗೆ ಮಡಚಿ ಮಡಚಿ ಇಟ್ಟ ಕಾಗದದಲ್ಲಿ ಎಲ್ಲ ಭಾಷೆಯೂ ಇದೆ, ಕನ್ನಡ ಓದಲು ಭೂತಗನ್ನಡಿ ಬೇಕು. ಕಷ್ಟಪಟ್ಟು ಓದಿದರೂ ನಮ್ಮ ಜಿಲ್ಲೆಗೆ ಮುಖ್ಯವಾದದ್ದು ಅದರಲ್ಲಿಲ್ಲ: ನೀರು. ನಮ್ಮ ಬೋರ್‌ವೆಲ್ಲುಗಳದ್ದು ಬಹುತೇಕ ಸವಳು ನೀರು, ಕ್ಷಾರ ಜಾಸ್ತಿ. ಕ್ಷಾರದ ನೀರಿನಲ್ಲಿ ಜಿಎ ಒಡೆದು ಹಾಳಾಗುತ್ತದೆ. ಮೊದಲು ಸಿಟ್ರಿಕ್ ಆಸಿಡ್ ಅಥವಾ ಯೂರಿಯಾ ಫಾಸ್ಫೇಟ್ ಹಾಕಿ ಪಿಎಚ್ 5.5ರಿಂದ 6.5ರೊಳಗೆ ಇಳಿಸಿ, ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿ, ಆಮೇಲೆ ಜಿಎ ಹಾಕಬೇಕು. ಉಲ್ಟಾ ಅಲ್ಲ. ಹೊಡೆಯುವುದು ತಂಪು ಹೊತ್ತಿನಲ್ಲಿ, ಮಧ್ಯಾಹ್ನ ಹೊಡೆದರೆ ಒಳಗೆ ಇಳಿಯುವ ಮೊದಲೇ ಒಣಗಿಬಿಡುತ್ತದೆ. ಇಷ್ಟನ್ನು ದೊಡ್ಡಕ್ಷರದಲ್ಲಿ ಎರಡು ಸಾಲು ಹಾಕಲು ಏನು ಕಷ್ಟ?

ಇನ್ನೊಂದು ಬಿಟ್ಟ ಮಾತು, ಗೊನೆ ಪೂರ್ತಿ ಒದ್ದೆಯಾಗಬೇಕು. ನಮ್ಮ ಮೈಯಲ್ಲಾದರೆ ನರ ಇವೆ, ಬಿಸಿ ಹಂಚಿಗೆ ಬೆರಳು ತಾಗಿದರೆ ಯೋಚನೆ ಮಾಡುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ನಮ್ಮ ಹಾರ್ಮೋನುಗಳೂ ರಕ್ತ ಹತ್ತಿ ಇಡೀ ಮೈ ಸುತ್ತುತ್ತವೆ. ಬಳ್ಳಿಗೆ ನರವೂ ಇಲ್ಲ, ರಕ್ತವೂ ಇಲ್ಲ. ಅದರದ್ದೇ ಹಾರ್ಮೋನು ಅದರ ದಾರಿಯಲ್ಲಿ ಓಡಾಡುತ್ತದೆ ನಿಜ, ಆದರೆ ನಾವು ಹೊರಗಿನಿಂದ ಕಾಳಿಗೆ ಹಚ್ಚಿದ ಜಿಎ ಹೆಚ್ಚು ದೂರ ಹೋಗುವುದಿಲ್ಲ, ತಾಗಿದ ಕಡೆಯೇ ಕೆಲಸ ಮಾಡುತ್ತದೆ. ಅರ್ಧ ಅದ್ದಿದ ಗೊನೆಯಲ್ಲಿ ಕೆಳಗಿನ ಕಾಳು ದಪ್ಪ, ಮೇಲಿನದು ಕಡಲೆಯಷ್ಟು. ಡಿಪ್ಪಿಂಗಿಗೆ ಬಂದ ಹೆಣ್ಣಾಳುಗಳಿಗೆ ಇದು ಚೀಟಿ ಬರೆದವರಿಗಿಂತ ಚೆನ್ನಾಗಿ ಗೊತ್ತು. ಮಗ್ಗನ್ನು ಗೊನೆಯ ಭುಜದ ತನಕ ಎತ್ತಿ ಹಿಡಿದು ಗೊನೆಯನ್ನು ಒಮ್ಮೆ ಅಲುಗಿಸಿ ಬಿಡುತ್ತಾರೆ, ಉಳಿದ ಹನಿಯೂ ಉದುರುತ್ತದೆ.

ಹೊಸದಾಗಿ ಪಡ ಹಾಕಿದವರಿಗೆ ಒಂದು ಮಾತು, ಜಿಎಯನ್ನು ಏಪ್ರಿಲ್ ಚಾಟ್ನಿ ಆದಮೇಲೆ ಮುಟ್ಟಬೇಡಿ. ತಂತಿ ತಾಗಿದ ಕೂಡಲೇ ಸುತ್ತಿಕೊಳ್ಳುತ್ತದಲ್ಲ ಕುಡಿಬಳ್ಳಿ (ತಾಗಿದ ಬದಿ ನಿಧಾನ ಬೆಳೆದು ಹೊರಬದಿ ಬೇಗ ಬೆಳೆಯುವುದರಿಂದ ಅದು ಸುತ್ತುವುದು), ಅದೂ ಗೊನೆಯೂ ಬಳ್ಳಿಯ ಕಣ್ಣಿನೊಳಗೆ (ಚಿಗುರುವ ಮೊಗ್ಗಿನೊಳಗೆ) ಒಂದೇ ಮೂಲದಿಂದ ಹುಟ್ಟುತ್ತವೆ. ಬೇಸಿಗೆಯಲ್ಲಿ ಕಣ್ಣು ತಯಾರಾಗುವಾಗ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈಯಾದರೆ ಗೊನೆ, ಜಿಬ್ಬರೆಲಿನ್ ಮೇಲುಗೈಯಾದರೆ ಕುಡಿಬಳ್ಳಿ. ಅದಕ್ಕೇ ಆಗ ಜಿಬ್ಬರೆಲಿನ್ ತಯಾರಾಗದಂತೆ ತಡೆಯುವ ಸಿಸಿಸಿ ಎಂಬ ರಾಸಾಯನಿಕ ಹೊಡೆಯುವ ರೂಢಿ ಬಂದದ್ದು. ಒಂದೇ ಬಳ್ಳಿಗೆ ಏಪ್ರಿಲ್‌ನಲ್ಲಿ ತಡೆ, ಅಕ್ಟೋಬರ್‌ನಲ್ಲಿ ಕೊಡು. ಸಿಸಿಸಿಯನ್ನೂ ಕಂಡಾಪಟ್ಟೆ ಹೊಡೆಯುವ ಹಾಗಿಲ್ಲ. 2010ರಲ್ಲಿ ಯುರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಅದರ ಅಂಶ ಸಿಕ್ಕು ಎಷ್ಟು ಗದ್ದಲವಾಯಿತು ಅಂತ ಹಳಬರಿಗೆ ನೆನಪಿದೆ.

ಜಿಎ ಜಾಸ್ತಿಯಾದರೂ ಹೊಡೆತವೇ. ಗೊನೆಯ ದಂಟು ಗಟ್ಟಿಯಾಗಿ ಕಟ್ಟಿಗೆಯ ಹಾಗಾಗುತ್ತದೆ, ಪ್ಯಾಕ್ ಮಾಡುವಾಗ ಕಾಳು ಉದುರುತ್ತದೆ, ಮುಂದಿನ ವರ್ಷದ ಗೊನೆಯೂ ಕಮ್ಮಿಯಾಗಬಹುದು. ಒಣದ್ರಾಕ್ಷಿ ಮಾಡುವವರಿಗೆ ನನ್ನ ಸಲಹೆ, ಪೇಟೆ ಮಾಲಿನವರ ಡೋಸು ನೋಡಿ ಆಸೆ ಪಡಬೇಡಿ. ಉಬ್ಬಿದ ಕಾಳು ಶೆಡ್ಡಿನಲ್ಲಿ ಒಣಗುವಾಗ ನೀರೇ ಹೋಗುವುದು, ತೂಕ ಬರುವುದು ಸಕ್ಕರೆಯಿಂದ.

ಅದೇ ಅಂಗಡಿಯಲ್ಲಿ ಬಳ್ಳಿಯ ಕಣ್ಣಿಗೆ ಹಚ್ಚುವ ಪೇಸ್ಟನ್ನೂ ತಂದಿದ್ದೆ, ಹೈಡ್ರೋಜನ್ ಸಯನಮೈಡ್. ನಮ್ಮ ವಿಜಯಪುರದ ಚಳಿ ದ್ರಾಕ್ಷಿಯ ಕಣ್ಣು ಎಬ್ಬಿಸಲು ಸಾಲುವುದಿಲ್ಲ, ಬಿಟ್ಟರೆ ತುದಿಯ ಕಣ್ಣು ಮಾತ್ರ ಚಿಗುರಿ ಕೆಳಗಿನವನ್ನು ಮಲಗಿಸಿಡುತ್ತದೆ. ಅದಕ್ಕೆ ಪೇಸ್ಟಿಂಗ್. ಇದರ ಬಗ್ಗೆ ಅಂಗಡಿಯವರು ಹೇಳಲೇಬೇಕಾದ, ನನಗಂತೂ ಹೇಳದ ಒಂದು ವಿಷಯವಿದೆ. ಇದನ್ನು ಮುಟ್ಟುವ ಮುಂಚಿನ ದಿನವೂ, ಮುಟ್ಟಿದ ಮೇಲಿನ ದಿನಗಳಲ್ಲೂ ದಾರು ಕುಡಿಯಬಾರದು. ಮದ್ಯವನ್ನು ಒಡೆಯುವ ಲಿವರಿನ ಕೆಲಸವನ್ನು ಇದು ನಡುವಿನಲ್ಲೇ ನಿಲ್ಲಿಸುತ್ತದೆ, ಮುಖ ಕೆಂಪಾಗಿ ಎದೆ ಢವಢವ ಹೊಡೆದುಕೊಂಡು ವಾಂತಿಯಾಗುತ್ತದೆ, ಆಸ್ಪತ್ರೆಗೂ ಸೇರಿಸಬೇಕಾಗಬಹುದು. ಕೈಗವಸು ಕೊಡಿ, ಸಂಜೆ ಗ್ಲಾಸು ಹಿಡಿಯುವ ಆಳುಗಳನ್ನು ಈ ಕೆಲಸಕ್ಕೆ ಹಚ್ಚಲೇಬೇಡಿ.

ಹರಳು ಕೊಳ್ಳಬೇಕಾ? ಪಡ ದೊಡ್ಡದಿದ್ದು ಡಿಪ್ಪಿಂಗ್ ಮಾಡಿಸುವವರು ಕಣ್ಣು ಮುಚ್ಚಿ ಕೊಳ್ಳಿ, ಉಳಿಯುವ ಹೊತ್ತಿಗೆ ಆ ದುಬಾರಿ ಸರಿಹೋಗುತ್ತದೆ. ಎಕರೆ ಅರ್ಧ ಎಕರೆ ಇರುವವರು, ಸ್ಪಿರಿಟ್‌ನಲ್ಲಿ ಕರಗಿಸುವ ತಾಳ್ಮೆ ಇದ್ದರೆ ಪುಡಿಯೇ ಸಾಕು. ಐದಕ್ಕೆ ಮೂರೂವರೆ ಕೊಡುತ್ತೇನೆ, ಒಂದು ಚೀಟಿಗೆ ಕಳೆದದ್ದು, ಅರ್ಧ ಪೊಟ್ಟಣಕ್ಕೆ. ಒಮ್ಮೆ ಒಡೆದರೆ ಮುಚ್ಚಿಡಲು ಜಿಪ್ ಇಲ್ಲ, ಉಳಿದ ಹರಳು ಗಾಳಿಯ ತೇವ ಹೀರಿ ಉಂಡೆ ಕಟ್ಟುತ್ತದೆ. ಆ ಉಂಡೆಯನ್ನು ತೂಗಿ ಹಾಕುವುದು ಹೇಗೆ ಅಂತ ಕಂಪನಿಯವರೇ ಬಂದು ತೋರಿಸಲಿ.