ಹಳೇ ಆಕ್ಟೇವಿಯಾ ಆರ್‌ಎಸ್ ಇಟ್ಕೊಂಡಿರೋರೇ, "ರ‍್ಯಾಕ್ ಹೋಗಿದೆ" ಅಂದ ತಕ್ಷಣ ದುಡ್ಡು ಬಿಚ್ಚಬೇಡಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ಹಳೇ ಸ್ಪೋರ್ಟ್ಸ್ ಕಾರು ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಸ್ಟೇರಿಂಗಲ್ಲಿ ಸೌಂಡ್ ಬರ್ತಿದೆ ಅಂತ ಗ್ಯಾರೇಜಿಗೆ ಹೋದಾಗ, ಗಾಡೀನ ಜಾಕ್ ಮೇಲೂ ಎತ್ತದೆ "ರ‍್ಯಾಕ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಅಂದ್ರೆ ಗಾಡಿ ವಾಪಸ್ ತಗೊಂಡು ಬನ್ನಿ. ರ‍್ಯಾಕ್ ಅಂದ್ರೆ ಸ್ಟೇರಿಂಗ್ ತಿರುಗಿಸಿದ್ದನ್ನ ಮುಂದಿನ ಚಕ್ರಗಳಿಗೆ ಮುಟ್ಟಿಸೋ ಭಾಗ. ನಂಗೆ ಹೀಗೇ ಆಗಿ ಮೂವತ್ತು ಸಾವಿರದ ಮೇಲೆ ಹೋಯ್ತು, ಜೊತೆಗೆ ಚೆನ್ನಾಗಿದ್ದ ರ‍್ಯಾಕೂ ಹೋಯ್ತು.

ನಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಮೊದಲ ಸಲ ಬಂದಿತ್ತಲ್ಲ 1.8 ಟರ್ಬೋ ಪೆಟ್ರೋಲ್, 150 ಹಾರ್ಸ್‌ಪವರ್, ಅದು. ಈ ವಯಸ್ಸಿನ ಗಾಡಿ, ಮೇಲಿಂದ ನಮ್ಮ ಮಳೆಗಾಲದ ಗುಂಡಿ, ತೋಟದ ಮಣ್ಣು ರಸ್ತೆ, ಹಾಗಾಗಿ ರಬ್ಬರ್ ಬುಷ್ ಎಲ್ಲ ಸವೆಯೋದು ಸಹಜ, ಕಾರು ಮಾಡಿದೋರ ತಪ್ಪು ಅಂತ ನಾನು ಹೇಳಲ್ಲ. ಗುಂಡಿಗಿಳಿದ್ರೆ ಮುಂದಿನಿಂದ ಟಕ್ ಟಕ್. ಅಂಗಳದಲ್ಲಿ ರಿವರ್ಸ್ ತಗೊಳ್ಳುವಾಗ ಫುಲ್ ತಿರುಗಿಸಿದ್ರೆ ಬಲಗಡೆಯಿಂದ 'ಟಂಗ್' ಅಂತ ಸೌಂಡು. ಇದಕ್ಕಿಂತ ಭಯ ಆಗಿದ್ದು ಇನ್ನೊಂದು. ಆಗುಂಬೆ ಘಾಟಿ ಗೊತ್ತಲ್ಲ, 14 ಹೇರ್‌ಪಿನ್, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ನೇರಕ್ಕೆ ಬರ್ಬೇಕು, ಇದು ಅರ್ಧಕ್ಕೇ ನಿಂತುಬಿಡೋದು, ಕೈಯಲ್ಲಿ ಎಳೆದು ನೇರ ಮಾಡ್ಕೋಬೇಕಿತ್ತು, ಎದುರಿಗೆ ಬಸ್ ಬಂದಾಗ ಇದೆಲ್ಲ ಆಟ ಅಲ್ಲ ಮಾರಾಯ್ರೆ.

ಶಿವಮೊಗ್ಗದ ಒಂದು ಗ್ಯಾರೇಜಲ್ಲಿ ತೋರಿಸಿದೆ, ಹೆಸರು ಬೇಡ. ಮಾಲೀಕರು ಒಳಗೆ ಕೂತು ಸ್ಟೇರಿಂಗ್ ಒಂದು ಸಲ ಆ ಕಡೆ ಈ ಕಡೆ ತಿರುಗಿಸಿ ರ‍್ಯಾಕ್ ಅಂತ ತೀರ್ಮಾನ ಕೊಟ್ರು, ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ರ‍್ಯಾಕ್ ತರಿಸಿ ಹಾಕಿದ್ರು. ಗಾಡಿ ಕೈಗೆ ಬಂದಾಗ ಟಂಗ್ ಹಾಗೇ ಇದೆ, ಟಕ್ ಟಕ್ ಹಾಗೇ ಇದೆ, ಅದರ ಮೇಲೆ ತಿರುಗಿಸಿದಾಗೆಲ್ಲ ಗುಂಯ್ ಅನ್ನೋ ಹೊಸ ಸೌಂಡ್ ಬೇರೆ. ಬಾನೆಟ್ ಎತ್ತಿ ಪವರ್ ಸ್ಟೇರಿಂಗ್ ಡಬ್ಬಿ ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಕೆಂಪು ಆಯಿಲ್, ಮೇಲೆಲ್ಲ ನೊರೆ. ಈ ಗಾಡಿಗೆ ಬೇಕಾಗಿದ್ದು ಹಸಿರು ಹೈಡ್ರಾಲಿಕ್ ಆಯಿಲ್, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಕೆಂಪು ಎಟಿಎಫ್ ಅಲ್ಲ. ಎರಡೂ ಮಿಕ್ಸ್ ಮಾಡ್ಲೇಬಾರದು, ಸೀಲ್ ಹಾಳಾಗುತ್ತೆ. ನೊರೆ ಇದೆ ಅಂದ್ರೆ ಗಾಳಿ ಸೇರಿದೆ ಅಂತ, ಪಂಪ್ ಕೂಗೋದು ಅದಕ್ಕೇ. ಅಲೈನ್ಮೆಂಟೂ (ಚಕ್ರಗಳ ಕೋನ ಸರಿ ಮಾಡೋದು) ಮಾಡಿಸದೇ ಕೊಟ್ಟಿದ್ರು, ಮುಂದಿನ ಎರಡೂ ಟೈರ್ ಒಳಗಡೆ ಅಂಚು ಸವೆದು ಹೋಯ್ತು.

ಕೊನೆಗೆ ಹಿಡಿದಿದ್ದು ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಬಾನೆಟ್ ಎತ್ತಿಸಿ, "ನೀವು ಕೂತು ನಿಧಾನಕ್ಕೆ ತಿರುಗಿಸಿ" ಅಂದು, ಚಕ್ರದ ಮೇಲಿಂದ ಕೈ ತೂರಿಸಿ ಸ್ಪ್ರಿಂಗ್ ಮೇಲೆ ಬೆರಳು ಇಟ್ಕೊಂಡ್ರು. ಆಮೇಲೆ ನನ್ನ ಕೈಯನ್ನೇ ಅಲ್ಲಿ ಇಡಿಸಿದ್ರು. ಸ್ಟೇರಿಂಗ್ ಜೊತೆ ಸಲೀಸಾಗಿ ತಿರುಗಬೇಕಾದ ಸ್ಪ್ರಿಂಗ್ ಮುರುಚಿಕೊಂಡು ಬಿಗಿಯಾಗ್ತಾ ಹೋಗಿ ಒಂದೇ ಸಲ ಜಾರಿ ಬಿಡ್ತು, ಟಂಗ್! ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರೋ ಕಂಬ) ಮೇಲಿನ ಬೇರಿಂಗ್ ನೀರು ಮಣ್ಣು ಕುಡಿದು ತುಕ್ಕು ಹಿಡಿದು ಜಾಮ್ ಆಗಿತ್ತು. ಘಾಟಿಯಲ್ಲಿ ಸ್ಟೇರಿಂಗ್ ವಾಪಸ್ ಬರದೇ ಇದ್ದಿದ್ದಕ್ಕೂ ಅದೇ ಕಾರಣ, ಸ್ಪ್ರಿಂಗೇ ಹಿಡ್ಕೊಂಡಿದ್ರೆ ಚಕ್ರ ನೇರ ಆಗೋದು ಹೇಗೆ? ಟಕ್ ಟಕ್ ಅಂತಿದ್ದಿದ್ದು ಸ್ಟೆಬಿಲೈಸರ್ ಲಿಂಕ್ ರಾಡ್, ಅಂದ್ರೆ ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ಬಾರಿಗೆ ಜೋಡಿಸಿರೋ ಸಣ್ಣ ರಾಡು. ಎರಡೂ ಕಡೆ ಸ್ಟ್ರಟ್ ಮೌಂಟ್, ಬೇರಿಂಗ್, ಲಿಂಕ್ ರಾಡ್ ಹಾಕಿಸಿದ್ದಕ್ಕೆ ರ‍್ಯಾಕಿಗೆ ಕೊಟ್ಟಿದ್ದರಲ್ಲಿ ಕಾಲು ಭಾಗವೂ ಆಗ್ಲಿಲ್ಲ.

ಹಾಗಾಗಿ ರ‍್ಯಾಕ್ ಮಾತು ಬರೋಕೆ ಮುಂಚೆ ಇಷ್ಟು ನೋಡ್ಸಿ. ಮೊದಲು ಟೈರಲ್ಲಿ ಗಾಳಿ, ಕಮ್ಮಿ ಇದ್ರೂ ಸ್ಟೇರಿಂಗ್ ಭಾರ ಆಗುತ್ತೆ. ಗಾಡಿ ನೆಲದ ಮೇಲೇ ಇರ್ಲಿ, ಒಬ್ರು ಸ್ಟೇರಿಂಗ್ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಇರ್ಲಿ, ಇನ್ನೊಬ್ರು ಟೈ ರಾಡ್ (ರ‍್ಯಾಕಿಂದ ಚಕ್ರಕ್ಕೆ ಹೋಗೋ ರಾಡು) ಎಂಡ್ ಮೇಲೆ, ರ‍್ಯಾಕ್ ಬೂಟ್ (ಅದರ ತುದಿಯ ರಬ್ಬರ್ ಕವರ್) ಮೇಲೆ ಕೈ ಇಟ್ಟು ನೋಡ್ಲಿ, ಪ್ಲೇ (ಸಡಿಲ) ಇದ್ರೆ ಕೈಗೇ ಗೊತ್ತಾಗುತ್ತೆ, ಪೆಡಲ್ ಹತ್ರ ಸ್ಟೇರಿಂಗ್ ರಾಡಿನ ಜಾಯಿಂಟನ್ನೂ ಮುಟ್ಟಿ ನೋಡ್ಬೇಕು. ಆಮೇಲೆ ಜಾಕ್ ಹಾಕಿ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನ ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದ್ರೆ ಹೆಚ್ಚಾಗಿ ಟೈ ರಾಡ್, ಮೇಲೆ ಕೆಳಗೆ ಹಿಡಿದಾಗ ಆದ್ರೆ ಬಾಲ್ ಜಾಯಿಂಟ್ ಇಲ್ಲಾ ವೀಲ್ ಬೇರಿಂಗ್. ಬ್ರೇಕ್ ಹೊಡೆದಾಗ ಮಾತ್ರ ಧಡ್ ಅಂದ್ರೆ ಚಕ್ರವನ್ನ ಗಾಡಿಗೆ ಜೋಡಿಸೋ ಕೆಳಗಿನ ಆರ್ಮಿನ ಹಿಂದಿನ ಬುಷ್ ನೋಡಿ. ಪೂರ್ತಿ ಕೊನೆವರೆಗೆ ತಿರುಗಿಸಿದಾಗ ಪಂಪ್ ಒಂಚೂರು ಕೂಗಿದ್ರೆ ಗಾಬರಿ ಬೇಡ, ಅದು ಇರೋದೇ, ಆದ್ರೆ ಹಾಗೇ ಹಿಡ್ಕೊಂಡು ಕೂರ್ಬೇಡಿ.

ನಿಜವಾಗ್ಲೂ ರ‍್ಯಾಕೇ ಹೋಗಿರ್ಬಹುದು, ಇಲ್ಲ ಅಂತಲ್ಲ. ಬೂಟ್ ಒಳಗೆ ಆಯಿಲ್ ತುಂಬಿದೆಯಾ ತೋರಿಸಿ ಅನ್ನಿ, ತೋರಿಸ್ಲಿ.

ಈಗ ಕೆಂಪು ಆಯಿಲ್ ಪೂರ್ತಿ ತೆಗೆಸಿ ಹಸಿರು ತುಂಬಿಸಿದ್ದೀನಿ, ಗುಂಯ್ ನಿಂತಿದೆ, ಆದ್ರೆ ಹಾಕಿರೋ ರ‍್ಯಾಕ್ ಸಣ್ಣದಾಗಿ ಸೋರ್ತಾ ಇದೆ. ನನ್ನ ಹಳೇದು ಕೊಡಿ, ಅದನ್ನೇ ವಾಪಸ್ ಹಾಕಿಸ್ತೀನಿ ಅಂತ ಕೇಳಿದ್ರೆ "ಗುಜರಿಗೆ ಹೋಯ್ತು ಸಾರ್" ಅಂದ್ರು. ಗಾಡಿ ಬಿಡುವಾಗಲೇ ಹಳೇ ಪಾರ್ಟ್ ವಾಪಸ್ ಬೇಕು ಅಂತ ಜಾಬ್ ಕಾರ್ಡಲ್ಲಿ ಬರೆಸಿ, ಅದರ ಫೋಟೋ ತೆಗೆದಿಟ್ಕೊಳ್ಳಿ.